ಅಜ್ಜಿಯ ದಾರಿಗೆ ಮೂರು ದೀಪ

ವಿಜಯನಗರದ ನಮ್ಮ ಮನೆ ರೈಲು ಡಬ್ಬಿಯಂತೆ ಉದ್ದ. ಮುಂದೆ ಹಾಲ್, ಆಮೇಲೆ ಕೋಣೆಗಳು, ಅಡುಗೆಮನೆ, ಕೊನೆಯಲ್ಲಿ ಬಚ್ಚಲು. ಅಡುಗೆಮನೆ ದಾಟಿದ ಮೇಲೆ ಒಂದು ಮೆಟ್ಟಿಲು ಇಳಿಯಬೇಕು.

ನಮ್ಮ ಅತ್ತೆಗೆ 80 ವರ್ಷ. ರಾತ್ರಿ ಎರಡು ಮೂರು ಸಲ ಏಳುತ್ತಾರೆ. ಆದರೆ ದೀಪ ಹಾಕುತ್ತಿರಲಿಲ್ಲ. "ಟ್ಯೂಬ್‌ಲೈಟ್ ಹಾಕಿದ್ರೆ ಪುಟ್ಟಿಗೆ ಎಚ್ಚರ ಆಗುತ್ತೆ. ಬೆಳಿಗ್ಗೆ ಸ್ಕೂಲಿಗೆ ಹೋಗಬೇಕು" ಎನ್ನುತ್ತಿದ್ದರು. ಗೋಡೆ ಸವರಿಕೊಂಡೇ ಹೋಗಿ ಬರುತ್ತಿದ್ದರು. "ನನ್ನನ್ನಾದರೂ ಎಬ್ಬಿಸಿ ಅತ್ತೆ" ಎಂದರೆ, "ಬಚ್ಚಲಿಗೆ ಹೋಗೋಕೂ ಜೊತೆ ಬೇಕಾಯ್ತಾ ನಂಗೆ?" ಎಂದು ಮುಖ ತಿರುಗಿಸುತ್ತಿದ್ದರು. ನಮ್ಮ ಬೀದಿಯ ಹಿರಿಯರೊಬ್ಬರು ಕತ್ತಲಲ್ಲಿ ಬಿದ್ದು ಮೂಳೆ ಮುರಿದುಕೊಂಡ ಮೇಲೆ, ಅತ್ತೆಯ ಕೈ ಗೋಡೆ ಸವರುವ ಸದ್ದು ಕೇಳುತ್ತಾ ನಾನು ಎಚ್ಚರವಾಗಿಯೇ ಇರುತ್ತಿದ್ದೆ.

ಏಳನೇ ತರಗತಿಯ ಮಗಳು ಗೆಳತಿಯ ಅಪಾರ್ಟ್‌ಮೆಂಟಿನಲ್ಲಿ ತಾನಾಗಿ ಹತ್ತುವ ದೀಪ ನೋಡಿ ಬಂದಳು. ಅಂಥ ಮೂರು ದೀಪ ತಂದೆವು. ಅತ್ತೆಗೆ ಅನುಮಾನ: "ಅದರೊಳಗೆ ಕ್ಯಾಮೆರಾ ಇದೆಯಾ? ರಾತ್ರಿಯೆಲ್ಲ ನನ್ನನ್ನೇ ನೋಡ್ತಾ ಇರುತ್ತಾ?"

ಕೇಳಬೇಕಾದ ಪ್ರಶ್ನೆಯೇ. ಮಗಳು ವಿವರಿಸಿದಳು: "ಇಲ್ಲ ಅಜ್ಜಿ, ಅದಕ್ಕೆ ಚಿತ್ರ ಕಾಣೋದಿಲ್ಲ. ನಮ್ಮ ಮೈಯ ಶಾಖ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಕಿರಣವಾಗಿ ಹೊರಗೆ ಬರ್ತಾ ಇರುತ್ತೆ. ಈ ಬಿಳಿ ಗುಬುಟಿನೊಳಗಿರೋ ಪಿ.ಐ.ಆರ್. ಸೆನ್ಸರ್ ಆ ಶಾಖ ಜಾಗ ಬದಲಿಸಿದ್ದನ್ನ ಮಾತ್ರ ಗುರುತಿಸುತ್ತೆ. ಬಂದಿದ್ದು ನೀನೋ ಬೆಕ್ಕೋ, ಅದಕ್ಕೆ ಗೊತ್ತಾಗಲ್ಲ."

ನಂಬಿಸಲು ಇಬ್ಬರೂ 'ಸ್ಟ್ಯಾಚು' ಆಟ ಆಡಿದರು. ಅಲ್ಲಾಡದೆ ನಿಂತರು. ಅರ್ಧ ನಿಮಿಷಕ್ಕೆ ದೀಪ ಆರಿತು. ಅತ್ತೆ ನಕ್ಕರು. ತಕ್ಷಣ ಕೇಳಿದರು: "ಅಲ್ವೇ, ಬಚ್ಚಲಲ್ಲಿ ಸುಮ್ಮನೆ ಕೂತಾಗಲೂ ಹೀಗೇ ಕತ್ತಲಾದ್ರೆ?"

ನಮಗಾರಿಗೂ ಹೊಳೆದಿರಲಿಲ್ಲ. ಬಚ್ಚಲಿಗೆ ಸೆನ್ಸರ್ ಬೇಡವೆಂದು ಅರ್ಧ ವ್ಯಾಟಿನ ಎಲ್‌ಇಡಿ ಬಲ್ಬನ್ನು ರಾತ್ರಿಯಿಡೀ ಉರಿಯಲು ಬಿಟ್ಟೆವು. ಮಗಳು ಲೆಕ್ಕ ಹಾಕಿದಳು: ದಿನಕ್ಕೆ 10 ಗಂಟೆ ಉರಿದರೂ ಒಂದು ಯೂನಿಟ್ ಕರೆಂಟು ಮುಗಿಯಲು 200 ರಾತ್ರಿ ಬೇಕು. ಬಿಳಿ ಟೈಲ್ಸಿನ ಪುಟ್ಟ ಬಚ್ಚಲಿಗೆ ಅಷ್ಟು ಬೆಳಕು ಸಾಕು. ಮೆಟ್ಟಿಲಿನ ಅಂಚು ಕಾಣಲು ಮಾತ್ರ ಸಾಲದು.

ದೀಪ ಎಲ್ಲಿ ಅಂಟಿಸುವುದು? ರಾತ್ರಿ ನಡೆಯುವಂತೆಯೇ ಒಮ್ಮೆ ನಡೆದು ತೋರಿಸಲು ಅತ್ತೆಗೆ ಹೇಳಿದೆವು. ಅವರ ಕಾಲು ಬಿದ್ದಲ್ಲೆಲ್ಲ ಮಗಳು ಸೀಮೆಸುಣ್ಣದ ಗುರುತು ಹಾಕಿದಳು. ಒಂದು ದೀಪ ಮಂಚದ ಕೆಳಗೆ. ಕಾಲು ನೆಲಕ್ಕಿಟ್ಟರೆ ಹತ್ತುತ್ತದೆ. ಎರಡನೆಯದು ಅಡುಗೆಮನೆಯ ತಿರುವಿನಲ್ಲಿ. ಮೂರನೆಯದು ಮೆಟ್ಟಿಲಿನ ಪಕ್ಕದ ಗೋಡೆಯಲ್ಲಿ. ಸೆನ್ಸರಿನತ್ತ ನೇರ ಬರುವವರಿಗಿಂತ ಅದರ ಮುಂದೆ ಅಡ್ಡ ಹಾಯುವವರನ್ನು ಅದು ಬೇಗ ಗುರುತಿಸುತ್ತದೆ. ಮೂರೂ ಮೊಣಕಾಲಿಗಿಂತ ಕೆಳಗೆ, ಹಳದಿ ಬೆಳಕು ನೆಲದ ಮೇಲೆ ಬೀಳುವಂತೆ. ಕಣ್ಣಿಗೆ ಕುಕ್ಕುವುದಿಲ್ಲ, ಪುಟ್ಟಿಗೆ ಎಚ್ಚರವೂ ಆಗುವುದಿಲ್ಲ.

ಫೋನಿನಿಂದ ನಡೆಸುವ ಸ್ಮಾರ್ಟ್ ದೀಪಗಳೂ ಅಂಗಡಿಯಲ್ಲಿದ್ದವು. ನಮಗೆ ಬ್ಯಾಟರಿಯವೇ ಸಾಕೆನಿಸಿತು. ಶಿವನಸಮುದ್ರದಿಂದ ಬೆಂಗಳೂರಿಗೆ ಕರೆಂಟು ಬಂದದ್ದು 1905ರಲ್ಲಿ. ನೂರು ವರ್ಷ ದಾಟಿದರೂ ಜೋರು ಮಳೆ ಬಂದರೆ ನಮ್ಮ ಬೀದಿಯಲ್ಲಿ ಕರೆಂಟು ಹೋಗುತ್ತದೆ. ಪ್ರತಿ ಭಾನುವಾರ ದೀಪಗಳನ್ನು ಚಾರ್ಜಿಗೆ ಹಾಕುವುದು ಮಗಳ ಕೆಲಸ. ಅವಳಿಗೆ ನೆನಪಿಸುವುದು ಅಜ್ಜಿಯ ಕೆಲಸ.

ಈಗ ರಾತ್ರಿ ಬಾಗಿಲ ಸಂದಿಯಲ್ಲಿ ಸಣ್ಣ ಬೆಳಕು ಮೂಡುತ್ತದೆ, ಆರುತ್ತದೆ. ಸ್ವಲ್ಪ ಹೊತ್ತಿಗೆ ಮತ್ತೆ ಮೂಡಿ ಆರುತ್ತದೆ. ಅತ್ತೆ ಬಂದು ಮಲಗಿದರು ಎಂದು ನಾನೂ ಮಗ್ಗುಲು ಬದಲಿಸುತ್ತೇನೆ. ಅವರು ಯಾರನ್ನೂ ಕರೆದಿರುವುದಿಲ್ಲ.

ಮಕ್ಕಳೇ, ನಿಮ್ಮ ಮನೆಯಲ್ಲೂ ಅಜ್ಜಿ ತಾತ ಇದ್ದರೆ, ಅವರು ರಾತ್ರಿ ಯಾವ ದಾರಿಯಲ್ಲಿ ನಡೆಯುತ್ತಾರೆಂದು ಇವತ್ತೇ ಕೇಳಿ ನೋಡಿ. ಒಂದು ಸೀಮೆಸುಣ್ಣ ಜೊತೆಗಿರಲಿ.