ಅದೃಷ್ಟವೆಂಬ ಹೆಸರು

ಹೆಸರಿಡುವದು ಸಂಸ್ಕೃತ ಕಲಿತವರಿಗೆ ಬಹು ಸುಲಭವಾದ ಕೆಲಸ. ಧಾತುವೊಂದನ್ನು ಹಿಡಿದು, ಪ್ರತ್ಯಯವೊಂದನ್ನು ಜೋಡಿಸಿ, ಯಾವ ಹೊಸ ವಸ್ತುವಿಗಾದರೂ ನಾವು ಕ್ಷಣಮಾತ್ರದಲ್ಲಿ ಹೆಸರು ಕೊಡಬಲ್ಲೆವು. ಆ ವಸ್ತುವಿನ ಪರಿಚಯ ನಮಗಿರಲೇಬೇಕೆಂಬ ನಿಯಮವೇನೂ ಇಲ್ಲ. ಈ ವಿದ್ಯೆಯ ಬಲದ ಮೇಲೆ ನಾನು ಮೂವತ್ತು ವರ್ಷಗಳಿಗೂ ಮಿಕ್ಕಿ ಶಾಲೆಯಲ್ಲಿ ಪಂಡಿತನೆನಿಸಿಕೊಂಡು ಬಾಳಿದೆನು. ಕಳೆದ ಬೇಸಗೆಯಲ್ಲಿ ಅದರ ಸಾಲ ತೀರಿಸಬೇಕಾದ ಪ್ರಸಂಗ ಒದಗಿತು. ಅದನ್ನೇ ವಾಚಕರ ಮುಂದೆ ಅರಿಕೆ ಮಾಡಿಕೊಳ್ಳುತ್ತಿರುವೆನು.

ಹುಬ್ಬಳ್ಳಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಸೂಟಿಗೆಂದು ಶಿರಗುಪ್ಪಿಗೆ ಬಂದಿದ್ದಳು. ಶಾಲೆಯಲ್ಲಿ ಮಾಡಬೇಕಾದ ಭಾಷಣವೊಂದನ್ನು ಬರೆಯುತ್ತ ಕುಳಿತವಳು, “ಅಜ್ಜಾ, ಡಾರ್ಕ್ ಎನರ್ಜಿ ಅನ್ನೂದಕ್ಕ ಒಂದು ಚಲೋ ಕನ್ನಡ ಶಬ್ದ ಹೇಳು. ಕೆಲವರು ಕಪ್ಪು ಶಕ್ತಿ ಅಂತಾರ, ಕೆಲವರು ಕೃಷ್ಣಶಕ್ತಿ ಅಂತಾರ. ನನಗ ಎರಡೂ ಸರಿ ಅನಸೂದಿಲ್ಲ” ಎಂದಳು. ಆ ಶಕ್ತಿಯನ್ನು ಅರಸುವ ಸಲುವಾಗಿ ಆಕಾಶಕ್ಕೆ ಕಳುಹಿಸುವ ದೂರದರ್ಶಕಗಳೇ ಅವಳ ಭಾಷಣದ ವಿಷಯ. ಮೊದಲು ನೀನು ಅರ್ಥ ಹೇಳು, ಆಮೇಲೆ ನಾನು ಶಬ್ದ ಕೊಡುವೆನೆಂದೆನು.

ರಾತ್ರಿ ಊಟವಾದ ಮೇಲೆ ಮಾಳಿಗೆಯ ಮೇಲೆ ಕುಳಿತೆವು. ಪಡುವಣದಲ್ಲಿ ಹುಬ್ಬಳ್ಳಿಯ ದೀಪಗಳ ಬೆಳಕು ಮುಗಿಲಿಗೆ ಬಳಿದಂತೆ ತೋರುತ್ತಿತ್ತು. ಮೂಡಣದ ಎರೆಹೊಲಗಳ ಮೇಲೆ ಮಾತ್ರ ನಕ್ಷತ್ರಗಳು ದಟ್ಟವಾಗಿದ್ದವು. ಅವಳು ಗದಗಿನ ಹೆದ್ದಾರಿಯ ಕಡೆಗೆ ಕೈಮಾಡಿ ಪಾಠವನ್ನು ಆರಂಭಿಸಿದಳು. ಒಂದೇ ಬಗೆಯ ದೀಪಗಳಾದರೆ ದೂರದ್ದು ಮಂಕಾಗಿ ಕಾಣುವದು. ಆದಕಾರಣ ಮಂಕನ್ನು ಅಳೆದು ದೂರವನ್ನು ಹೇಳಬಹುದು. ಆಕಾಶದಲ್ಲಿಯೂ ಅಂಥ ದೀಪವೊಂದುಂಟು. ಶ್ವೇತಕುಬ್ಜವೆಂಬ ಮುದಿ ನಕ್ಷತ್ರವು ಪಕ್ಕದ ನಕ್ಷತ್ರದಿಂದ ದ್ರವ್ಯವನ್ನು ಸೆಳೆದುಕೊಂಡು, ಸುಮಾರು 1.4 ಸೂರ್ಯರಷ್ಟು ತೂಕವನ್ನು ಸಮೀಪಿಸಿದಾಗ ಸಿಡಿಯುವದು. ಈ ಮಿತಿಯ ಲೆಕ್ಕವನ್ನು ಚಂದ್ರಶೇಖರರು 1930ರಲ್ಲಿ ಇಂಗ್ಲಂಡಕ್ಕೆ ಹೋಗುವ ಹಡಗಿನಲ್ಲಿ ತಮ್ಮ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಹಾಕಿದರು. ಇಂಥ ಸಿಡಿತಗಳ ಕಾಂತಿಯನ್ನು ಹೆಚ್ಚುಕಡಿಮೆ ಒಂದೇ ಅಳತೆಗೆ ತರಬಹುದಾದ್ದರಿಂದ ಅವು ಬಹುದೂರದ ಅಳತೆಗೋಲುಗಳಾಗಿವೆ.

ವಿಶ್ವವು ಹಿಗ್ಗುತ್ತಿದೆಯೆಂಬದು 1929ರ ಹಬಲ್ ಅವರ ಶೋಧದಿಂದ ತಿಳಿದಿತ್ತು. ಗುರುತ್ವಾಕರ್ಷಣದ ಸೆಳೆತದಿಂದ ಆ ಹಿಗ್ಗಿನ ವೇಗ ಕುಂದುತ್ತಿರಬೇಕೆಂದು ಹೆಚ್ಚಿನವರು ನಂಬಿದ್ದರು. ಎಷ್ಟು ಕುಂದಿದೆಯೆಂಬದನ್ನು ಅಳೆಯಲು ಹೊರಟ ಎರಡು ತಂಡಗಳವರು 1998ರಲ್ಲಿ ಬೆರಗಾದರು. ದೂರದ ದೀಪಗಳು ಲೆಕ್ಕಕ್ಕಿಂತ ಮಂಕಾಗಿದ್ದವು. ಎಂದರೆ ಹೆಚ್ಚು ದೂರದಲ್ಲಿದ್ದವು. ವೇಗ ಕುಂದದೆ ಹೆಚ್ಚುತ್ತಿತ್ತು! ಪರ್ಲ್‌ಮುಟರ್, ಶ್ಮಿಟ್, ರೀಸ್ ಎಂಬ ಮೂವರಿಗೆ 2011ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಹೀಗೆ ದೂಡುತ್ತಿರುವದು ಏನು? ವಿಶ್ವದಲ್ಲಿರುವ ಒಟ್ಟು ಶಕ್ತಿಯಲ್ಲಿ ಅದರ ಪಾಲು ನೂರಕ್ಕೆ ಸುಮಾರು 68. ಈ ಮಣ್ಣು, ಈ ಹತ್ತಿ, ಈ ನಕ್ಷತ್ರಗಳು, ನಾವು, ಎಲ್ಲ ಕೂಡಿ ನೂರಕ್ಕೆ 5 ಮಾತ್ರ. ಆ ದೊಡ್ಡ ಪಾಲು ಏನೆಂಬದು ಯಾರಿಗೂ ಗೊತ್ತಿಲ್ಲ. ಹೆಸರು ಮಾತ್ರ ಇದೆ.

ಅದನ್ನರಿಯಲು ಗಾಳಿಯ ಪದರದ ಹೊರಗಿನಿಂದ ನೋಡಬೇಕು. ಗಾಳಿಯು ಬಿಂಬವನ್ನು ಅಲುಗಿಸುವದಲ್ಲದೆ ಹಲವು ಕಿರಣಗಳನ್ನು ನುಂಗಿಬಿಡುವದು. ಯುರೋಪಿನವರ ‘ಯೂಕ್ಲಿಡ್’ 1.2 ಮೀಟರು ದರ್ಪಣವನ್ನು ಹೊತ್ತು 2023ರ ಜುಲೈ 1ರಂದು ಹೊರಟು, ನಮ್ಮಿಂದ ಸುಮಾರು 15 ಲಕ್ಷ ಕಿಲೋಮೀಟರಿನಾಚೆ ನೆಲೆಸಿತು. ನಡುವಣ ದ್ರವ್ಯವು ಬೆಳಕನ್ನು ಬಾಗಿಸುವದರಿಂದ ದೂರದ ಗೆಲಾಕ್ಸಿಗಳ ಆಕಾರ ಕೊಂಚ ಸೊಟ್ಟಾಗುವದು. ಆ ಸೊಟ್ಟನ್ನು ಕೋಟಿಗಟ್ಟಲೆ ಗೆಲಾಕ್ಸಿಗಳಲ್ಲಿ ಅಳೆದರೆ, ಯಾವ ಕಾಲದಲ್ಲಿ ದ್ರವ್ಯ ಎಷ್ಟು ಗುಂಪುಗೂಡಿತ್ತು, ಹಿಗ್ಗು ಅದನ್ನು ಎಷ್ಟು ತಡೆಯಿತು ಎಂಬದು ತಿಳಿಯುವದಂತೆ. ಅಮೇರಿಕದವರಲ್ಲಿ ಇಂಥ ದೂರದರ್ಶಕದ ಪ್ರಸ್ತಾಪಕ್ಕೆ ಖಗೋಲಜ್ಞರ ಸಮಿತಿಯು 2010ರಲ್ಲಿ ಅಗ್ರಸ್ಥಾನ ಕೊಟ್ಟಿತು. 2.4 ಮೀಟರು ದರ್ಪಣದ ಆ ಯಂತ್ರಕ್ಕೆ 2020ರಲ್ಲಿ ನಾನ್ಸಿ ಗ್ರೇಸ್ ರೋಮನ್ ಎಂಬ ವಿದುಷಿಯ ಹೆಸರನ್ನಿಟ್ಟರು. ನಮ್ಮ ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರೂ ‘ಇನ್ಸಿಸ್ಟ್’ ಎಂಬ, ಒಂದು ಮೀಟರು ದರ್ಪಣದ ದೂರದರ್ಶಕದ ಪ್ರಸ್ತಾಪವನ್ನು ಮುಂದಿಟ್ಟಿರುವರು. ನಕ್ಷತ್ರ, ಗೆಲಾಕ್ಸಿಗಳ ಹುಟ್ಟು ಬೆಳವಣಿಗೆಯೇ ಅದರ ಮುಖ್ಯ ವಿಷಯವಾದರೂ ಕುಲ ಒಂದೇ. 2015ರ ಸೆಪ್ಟೆಂಬರ 28ರಂದು ‘ಆಸ್ಟ್ರೋಸ್ಯಾಟ್’ ಉಪಗ್ರಹದೊಡನೆ ಮೇಲೇರಿದ ನೇರಿಳಾತೀತ ದೂರದರ್ಶಕವನ್ನು ಹೊಸಕೋಟೆಯ ತಮ್ಮ ಆವರಣದಲ್ಲಿ ಜೋಡಿಸಿದವರು ಅವರೇ.

ಇಷ್ಟನ್ನು ಕೇಳಿದ ಮೇಲೆ ನನ್ನ ಪಾಂಡಿತ್ಯವು ಎಚ್ಚತ್ತಿತು. “ಶಬ್ದ ಸಿಕ್ಕಿತು, ಅದೃಷ್ಟ ಅಂತ ಬರಿ” ಎಂದೆನು. ಹುಡುಗಿ ಗೊಳ್ಳೆಂದು ನಕ್ಕು, “ಲಾಟರಿ ಹತ್ತಿದ ಹಂಗ ಆತಲ್ಲ ಅಜ್ಜಾ!” ಎಂದಳು. ಹಾಗಲ್ಲ, ಕಾಣದ್ದೇ ಅದೃಷ್ಟ. ಸೂಜಿಯು ಅಯಸ್ಕಾಂತದ ಕಡೆಗೆ ಸರಿಯುವದು, ಬೆಂಕಿಯ ನಾಲಗೆ ಮೇಲಕ್ಕೇಳುವದು ಮುಂತಾದ, ಕಾರಣ ತೋರದ ಚಲನೆಗಳಿಗೆಲ್ಲ ವೈಶೇಷಿಕದಲ್ಲಿ ಕಣಾದರು ಈ ಶಬ್ದವನ್ನೇ ಹೇಳಿರುವರು ಎಂದು ವಿವರಿಸುತ್ತ ಹೋದೆನು. ವಿವರಿಸುತ್ತಿದ್ದಂತೆಯೇ ನಾಲಗೆ ತಡವರಿಸಿತು. ಇದೇ ಮಾತನ್ನು ನಾನು ಹಿಂದೊಮ್ಮೆ ಹೇಳಿದ್ದೆನು.

ಅದಾಗಿ ಮೂವತ್ತೈದು ವರ್ಷಗಳಾದವು. ವಿಜ್ಞಾನದ ಮಾಸ್ತರರು ಬಾರದ ದಿನ ನಾನು ತರಗತಿಯನ್ನು ನೋಡಿಕೊಳ್ಳುತ್ತಿದ್ದೆನು. ಹಿಂದಿನ ಮಣೆಯ ಹುಡುಗನೊಬ್ಬನು ಮುರಿದ ಕರ್ಣೆಯಿಂದ ತೆಗೆದ ಅಯಸ್ಕಾಂತದ ತುಂಡನ್ನು ತಂದು, ಸೂಜಿ ಇದರ ಕಡೆಗೆ ಯಾಕೆ ಹೋಗುವದೆಂದು ಕೇಳಿದನು. ನನಗೆ ತಿಳಿಯದು. ಆದರೆ ತಿಳಿಯದೆಂದು ಹೇಳುವದು ನಲವತ್ತು ಹುಡುಗರ ಮುಂದೆ ಹೇಗೆ? “ಅದೃಷ್ಟದಿಂದ” ಎಂದೆನು. ಅವನು ಮತ್ತೆ, “ಅಂದರ?” ಎಂದನು. “ಅಷ್ಟು ತಿಳಿದರ ನಿನಗ ಸಾಕು, ನಿನ್ನ ಅದೃಷ್ಟದಾಗ ಎಷ್ಟು ಬರದದ ಅನ್ನೂದು ಪರೀಕ್ಷಾದಾಗ ನೋಡೂಣು” ಎಂದು ಶ್ಲೇಷೆ ಮಾಡಿದೆನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆನು. ಆ ಹುಡುಗನು ಆ ವರ್ಷವಿಡೀ ನನ್ನೆದುರಿಗೆ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಮೊಮ್ಮಗಳಿಗೆ ಇದನ್ನು ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನ ಟಿಪ್ಪಣಿಯಿಂದ ರೋಮನ್ ಅವರ ಕಥೆಯನ್ನು ಓದಿದಳು. ಶಾಲೆಯಲ್ಲಿ ಅವರು ಐದನೆಯ ವರ್ಷದ ಲ್ಯಾಟಿನ್ ಬದಲು ಬೀಜಗಣಿತವನ್ನು ಬೇಡಿದಾಗ, ಲ್ಯಾಟಿನ್ನನ್ನು ಬಿಟ್ಟು ಗಣಿತವನ್ನು ಯಾವ ಹೆಣ್ಣುಮಗಳು ಆರಿಸಿಯಾಳೆಂದು ಅಲ್ಲಿಯ ಮಾರ್ಗದರ್ಶಕಿಯು ಹುಬ್ಬೇರಿಸಿದಳಂತೆ. ಹಳೆಯ ಭಾಷೆಯನ್ನು ಅಡ್ಡಗೋಡೆಯಾಗಿ ನಿಲ್ಲಿಸಿದವನು ನಾನೊಬ್ಬನೇ ಅಲ್ಲವೆಂಬದು ಸಮಾಧಾನದ ಮಾತಲ್ಲ.

ಆ ರಾತ್ರಿ ನಿದ್ರೆ ಬರಲಿಲ್ಲ. ತಪ್ಪು ಕಣಾದರದೆಂದು ನಾನು ಹೇಳಲಾರೆ. ಕಾಣದ ಕಾರಣಕ್ಕೆ ‘ಕಾಣದ್ದು’ ಎಂದು ಹೆಸರಿಟ್ಟ ಋಷಿಯು ಪ್ರಾಮಾಣಿಕನೇ. ಆ ಹೆಸರನ್ನು ಉತ್ತರವೆಂದು ಕೊಟ್ಟು ಬಾಗಿಲು ಹಾಕಿದವನು ನಾನು. ಈ ಖಗೋಲಜ್ಞರು ಇಟ್ಟ ಹೆಸರೂ ಅಂಥದೇ. ಆದರೆ ಅವರು ಹೆಸರಿಟ್ಟು ಮಲಗಲಿಲ್ಲ. ದೂರದರ್ಶಕದ ಪ್ರಸ್ತಾಪವೆಂದರೇನು? ‘ನಮಗೆ ತಿಳಿಯದು’ ಎಂದು ಸರಕಾರಕ್ಕೆ ಬರೆದುಕೊಟ್ಟ ಅರ್ಜಿಯಲ್ಲವೆ? ಬರೆದವರಲ್ಲಿ ಕೆಲವರು ಉತ್ತರ ಬರುವದರೊಳಗೆ ಮುದುಕರಾಗುವರು. ಬಂದ ಉತ್ತರವು ಅವರ ಮತವನ್ನೇ ಕೆಡವಬಹುದು. ಐನ್‌ಸ್ಟೈನರು 1917ರಲ್ಲಿ ತಮ್ಮ ಸಮೀಕರಣದಲ್ಲಿರಿಸಿದ ಸ್ಥಿರಾಂಕದಂತೆ ಈ ಶಕ್ತಿ ಎಂದಿಗೂ ಮಾರ್ಪಡದೆಂದು ಬಹುಜನರು ಎಣಿಸಿದ್ದರು. ಅರಿಝೋನಾದ ಪರ್ವತದ ಮೇಲಿನ ‘ಡೆಸಿ’ ಎಂಬ ಉಪಕರಣದ 2024 ಮತ್ತು 2025ರ ಅಳತೆಗಳು ಅದು ಕಾಲಕ್ರಮದಲ್ಲಿ ಕುಂದುತ್ತಿರಬಹುದೆಂಬ ಸುಳಿವನ್ನು ಕೊಟ್ಟವು. ಸುಳಿವೇ ಹೊರತು ಸಿದ್ಧಾಂತವಲ್ಲ. ಆದರೂ ಅವರು ಅದನ್ನು ಮುಚ್ಚಿಡಲಿಲ್ಲ.

ಆ ಹುಡುಗನು ಈಗ ಹೆದ್ದಾರಿಯ ಬದಿಯಲ್ಲಿ ಪಂಪಸೆಟ್ಟಿನ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿಯನ್ನಿಟ್ಟಿರುವನು. ಮರುದಿನ ಮುಂಜಾನೆ ಅಲ್ಲಿಗೆ ಹೋಗಿ, ನೆನಪಿದೆಯೇ ಎಂದು ಕೇಳಿದೆನು. ಅವನು ಎಣ್ಣೆಯ ಕೈಯನ್ನು ಒರಸಿಕೊಂಡು ನನಗೊಂದು ಖುರ್ಚಿ ಹಾಕಿದನು. “ಐತ್ರಿ ಗುರುಗಳ. ದಿನಾ ಅದರ ಜೋಡೀನ ಕೆಲಸಾ ಮಾಡ್ತೀನಿ. ಹೆಂಗ ತಿರಗತೈತಿ ಅನ್ನೂದು ಕೈಗೆ ಗೊತ್ತೈತಿ, ಯಾಕ ಅನ್ನೂದು ಇನ್ನೂ ಪೂರಾ ತಿಳಿವಲ್ದು” ಎಂದನು. ಸ್ವಲ್ಪ ತಡೆದು, “ಯಾಕ ಅಂತ ಈಗರ ಹೇಳ್ತೀರೇನ್ರಿ?” ಎಂದು ಕೇಳಿದನು.

“ನನಗ ಗೊತ್ತಿಲ್ಲಪಾ” ಎಂದೆನು. “ಆವತ್ತೂ ಗೊತ್ತಿದ್ದಿಲ್ಲ.”

ಅವನು ನಗಲಿಲ್ಲ. ಸಂಜೆ ಮೊಮ್ಮಗಳನ್ನು ಕರೆದುಕೊಂಡು ಮತ್ತೆ ಹೋದೆನು. ಅವರಿಬ್ಬರೂ ಬಿಚ್ಚಿದ ಮೋಟಾರಿನ ಮುಂದೆ ಕುಳಿತು ಕತ್ತಲಾಗುವವರೆಗೆ ಮಾತಾಡಿದರು. ನಾನು ಕೇಳುತ್ತ ಕುಳಿತೆನು, ಅರ್ಧ ತಿಳಿಯಿತು. ಅವಳ ಭಾಷಣದಲ್ಲಿ ಕೊನೆಗೆ ಕೃಷ್ಣಶಕ್ತಿಯೆಂಬ ಶಬ್ದವೇ ಉಳಿಯಿತು. ಅದರ ಕೆಳಗೆ ಅವಳು, ಇದು ಹೆಸರು ಮಾತ್ರ, ಉತ್ತರವನ್ನು ಇನ್ನೂ ಹುಡುಕುತ್ತಿರುವರು ಎಂದು ಬರೆದುಕೊಂಡಳು.