ಎರಡು ಹಾಳೆಯ ಬಲ, ಒಂದು ಊಹೆಯ ಉತ್ತರ

ಅಭ್ಯಾಸ ಬೋಧನೆಯಲ್ಲಿ ಅದು ನನ್ನ ಹನ್ನೊಂದನೇ ಪಾಠ. ಒಂಬತ್ತನೇ ತರಗತಿ, ನ್ಯೂಟನ್ನನ ಚಲನೆಯ ನಿಯಮಗಳು. ಬಲೂನಿನ ಉದಾಹರಣೆ ಮಕ್ಕಳಿಗೆ ಹಳತಾಗಿತ್ತು. ಹಾಗಾಗಿ 2007ರಲ್ಲಿ ಹಾರಿದ ನಾಸಾದ ಡಾನ್ ನೌಕೆಯನ್ನು ಪಾಠಯೋಜನೆಗೆ ಸೇರಿಸಿಕೊಂಡೆ.

ಮಕ್ಕಳ ಅಂಗೈ ಮೇಲೆ ಎರಡೆರಡು ಎ4 ಹಾಳೆ ಇಡಿಸಿದೆ. "ಡಾನ್‌ನ ಅಯಾನು ಎಂಜಿನ್ನಿನ ಗರಿಷ್ಠ ಬಲ ಹೆಚ್ಚುಕಡಿಮೆ ಇಷ್ಟೇ, 0.09 ನ್ಯೂಟನ್" ಎಂದಾಗ ಎಲ್ಲರೂ ನಕ್ಕರು. ನೌಕೆಯ ರಾಶಿ ಸುಮಾರು 1200 ಕಿ.ಗ್ರಾಂ. ಕಪ್ಪುಹಲಗೆಯ ಮೇಲೆ ಅವರೇ ಲೆಕ್ಕ ಮಾಡಿದರು: ನಾಲ್ಕು ದಿನ ಬಿಡದೆ ತಳ್ಳಿದರೆ ಗಂಟೆಗೆ ಸುಮಾರು 93 ಕಿ.ಮೀ. ವೇಗ ಕೂಡುತ್ತದೆ. ನಗು ನಿಂತಿತು. ಹೀಗೆ ವರ್ಷಗಟ್ಟಲೆ ತಳ್ಳಿಸಿಕೊಂಡೇ ಡಾನ್ 2011ರಲ್ಲಿ ವೆಸ್ಟಾವನ್ನೂ 2015ರಲ್ಲಿ ಸೆರೆಸ್ಸನ್ನೂ ತಲುಪಿತು.

ಝೆನಾನ್ ಪರಮಾಣುಗಳಿಗೆ ಎಲೆಕ್ಟ್ರಾನುಗಳು ಬಡಿದು ಪ್ಲಾಸ್ಮಾ ಆಗುವುದನ್ನೂ, ಧನ ಅಯಾನುಗಳು ವಿದ್ಯುತ್ ಜಾಲರಿಗಳ ಮೂಲಕ ಸೆಕೆಂಡಿಗೆ ಸುಮಾರು 30 ಕಿ.ಮೀ. ವೇಗದಲ್ಲಿ ಹೊರಚಿಮ್ಮುವುದನ್ನೂ ವಿವರಿಸಿದೆ. ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು.

"ಮಿಸ್, ಪಾಸಿಟಿವ್ ಎಲ್ಲಾ ಹೊರಗೆ ಹೋದ್ರೆ ನೌಕೆ ನೆಗೆಟಿವ್ ಆಗಲ್ವಾ? ಅವನ್ನ ವಾಪಸ್ ಎಳ್ಕೊಳಲ್ವಾ?"

ನನಗೆ ಗೊತ್ತಿರಲಿಲ್ಲ. ಮಾರ್ಗದರ್ಶಕರು ಹಿಂದೆ ಕುಳಿತು ಬರೆದುಕೊಳ್ಳುತ್ತಿದ್ದರು. "ಅಷ್ಟು ವೇಗವಾಗಿ ಹೋದದ್ದು ವಾಪಸ್ ಬರೋದಿಲ್ಲ" ಎಂದುಬಿಟ್ಟೆ. ಅವಳು ಕುಳಿತಳು. ವೀಕ್ಷಣಾ ಪುಸ್ತಕದಲ್ಲಿ 'ವಿಷಯ ಜ್ಞಾನ: ಉತ್ತಮ' ಎಂದಿತ್ತು. ಅದನ್ನು ಓದಿ ಸಂತೋಷವಾಗಲಿಲ್ಲ.

ರಾತ್ರಿ ಹುಡುಕಿ ಓದಿದೆ. ಅವಳ ಅನುಮಾನವೇ ಸರಿ. ಅಯಾನುಗಳು ಮಾತ್ರ ಹೊರಹೋದರೆ ನೌಕೆಯಲ್ಲಿ ಋಣ ಆವೇಶ ಬೇಗನೆ ಏರಿ, ಅವುಗಳನ್ನು ಹಿಂದಕ್ಕೆ ಸೆಳೆಯುತ್ತದೆ. ತಳ್ಳುವ ಬಲವೇ ಉಳಿಯುವುದಿಲ್ಲ. ಅದಕ್ಕಾಗಿಯೇ ಎಂಜಿನ್ನಿನ ಬಾಯಿಯ ಪಕ್ಕದಲ್ಲಿ ನ್ಯೂಟ್ರಲೈಸರ್ ಎಂಬ ಭಾಗವಿರುತ್ತದೆ. ಹೊರಹೋಗುವ ಧನ ಆವೇಶಕ್ಕೆ ಸಮನಾಗಿ ಅದು ಎಲೆಕ್ಟ್ರಾನುಗಳನ್ನು ಹೊರಬಿಡುತ್ತದೆ. ಆಗ ನೌಕೆಯೂ ತಟಸ್ಥ, ಹೊರಬಿದ್ದ ಪ್ಲಾಸ್ಮಾ ಕೂಡ ಒಟ್ಟಾರೆ ತಟಸ್ಥ.

ಮರುದಿನ ಪಾಠಕ್ಕೆ ಮೊದಲು, "ನಿನ್ನೆ ನಾನು ಹೇಳಿದ್ದು ಊಹೆ, ಅದು ತಪ್ಪು" ಎಂದು ಹೇಳಿ, ಚಿತ್ರ ಬರೆದು ತಿದ್ದಿದೆ. ತರಗತಿ ಹಗುರವಾಗಿ ನೋಡೀತೆಂದು ಹೆದರಿದ್ದೆ. ಆದರೆ ಅಂದು ಇನ್ನೂ ಮೂವರು ಪ್ರಶ್ನೆ ಕೇಳಲು ಎದ್ದರು.

ಈಗ ಪ್ರತಿ ಪಾಠಯೋಜನೆಯ ಕೊನೆಗೆ ಒಂದು ಸಾಲು ಖಾಲಿ ಬಿಡುತ್ತೇನೆ: 'ಇಂದು ನನಗೆ ಉತ್ತರ ಗೊತ್ತಿಲ್ಲದ ಪ್ರಶ್ನೆ'.