‘ಕೊಂಡ’ ಎಂಬ ಎರಡಕ್ಷರ

ನಮ್ಮ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ಹಳೆಯ ವಿದ್ಯಾರ್ಥಿಗಳ ಸಮ್ಮೇಳನ ನಡೆಯುತ್ತದೆ. ಪ್ರಾರ್ಥನೆಯಾದ ಮೇಲೆ, ಸ್ವಾಗತ ಭಾಷಣಕ್ಕೆ ಮೊದಲು, ಆ ವರ್ಷ ತೀರಿಕೊಂಡವರ ಹೆಸರುಗಳನ್ನು ಓದಿ ಎರಡು ನಿಮಿಷ ಎದ್ದು ನಿಲ್ಲುವುದು ಪದ್ಧತಿ. ಓದುವ ಕೆಲಸ ಹನ್ನೆರಡು ವರ್ಷಗಳಿಂದ ನನ್ನ ಪಾಲಿನದು. ಕನ್ನಡದ ಮೇಷ್ಟರಾದುದರಿಂದ ಉಚ್ಚಾರ ತಪ್ಪಲಾರದೆಂಬ ನಂಬಿಕೆಯಿರಬೇಕು. ಈ ಸಲದ ಪಟ್ಟಿಯಲ್ಲಿ ಏಳು ಹೆಸರುಗಳಿದ್ದುವು. ಆರರ ವಿಷಯದಲ್ಲಿ ಯಾರದೂ ತಕರಾರಿರಲಿಲ್ಲ. ಏಳನೆಯದು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ, ಇನ್ನೂ ಮೂವತ್ತು ತುಂಬದ ಹುಡುಗನದು. ಅವನು ಕಾಯಿಲೆ ಬಿದ್ದು ಹೋದವನಲ್ಲ, ಅಪಘಾತದಲ್ಲಿ ಹೋದವನೂ ಅಲ್ಲ ಎಂಬುದು ಊರಿಗೆಲ್ಲ ಗೊತ್ತಿತ್ತು.

ಅಧ್ಯಾಪಕರ ಕೊಠಡಿಯಲ್ಲಿ ಚಹಾ ಕುಡಿಯುವಾಗ ಮಾತು ಎದ್ದಿತು. “ಆ ಹೆಸರು ಬೇಡ ಮೇಷ್ಟ್ರೆ,” ಎಂದರು ಅರ್ಥಶಾಸ್ತ್ರದವರು. “ಸಭೆಯಲ್ಲಿ ಹದಿನೆಂಟು ಇಪ್ಪತ್ತರ ಮಕ್ಕಳು ಕೂತಿರುತ್ತಾರೆ. ನಾವೆಲ್ಲ ಎದ್ದು ನಿಂತು ಗೌರವ ಕೊಟ್ಟರೆ ಅದೂ ಒಂದು ದಾರಿ ಎಂದುಕೊಂಡಾರು.” ರಸಾಯನಶಾಸ್ತ್ರದ ಮೇಡಂ ಬೇರೊಂದು ಮಾತು ತೆಗೆದರು: “ಅವನ ಮೇಲೆ ನಾವು ಕನಿಕರ ಪಡೋಣ. ಮನೆಯಲ್ಲಿ ವಯಸ್ಸಾದ ಅಪ್ಪ, ಕಟ್ಟಿಕೊಂಡ ಹೆಂಡತಿ, ವರ್ಷದ ಕೂಸು. ಇವರ ಮೇಲೆ ಅವನಿಗೆ ಕನಿಕರ ಬೇಡವಿತ್ತೆ?” ಮನಃಶಾಸ್ತ್ರ ಹೇಳುವ ಕಿರಿಯ ಮಿತ್ರರಿಗೆ ಇದು ಸಹಿಸಲಿಲ್ಲ. “ಹೃದಯ ನಿಂತು ಸತ್ತವನನ್ನು ಹೀಗೆ ಕೇಳುತ್ತೀರಾ? ಮನಸ್ಸಿಗೆ ಬಂದ ರೋಗಕ್ಕೆ ಮಾತ್ರ ಏಕೆ ಈ ಕಟಕಟೆ?” ಎಂದು ಸ್ವಲ್ಪ ಬಿಸಿಯಾಗಿಯೇ ಕೇಳಿದರು. ಮೂವರೂ ನನ್ನ ಮುಖ ನೋಡಿದರು. ನಾನು ತರಗತಿಗೆ ಹೊತ್ತಾಯಿತೆಂಬ ನೆವ ಹಿಡಿದು ಎದ್ದುಬಿಟ್ಟೆ. ನಿಜ ಹೇಳಬೇಕೆಂದರೆ ತರಗತಿಗೆ ಇನ್ನೂ ಹತ್ತು ನಿಮಿಷವಿತ್ತು.

ನಾನು ಎದ್ದುಹೋದದ್ದಕ್ಕೆ ಕಾರಣವುಂಟು. 1989ರ ಮಳೆಗಾಲದಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ನನ್ನ ಸೋದರಮಾವನೂ ಹಾಗೆಯೇ ಹೋದ. ಸಾಲವೆಂದರು ಕೆಲವರು, ಬೇರೇನೋ ಎಂದರು ಇನ್ನು ಕೆಲವರು. ಇಂಥ ಸಾವಿಗೆ ಒಂದೇ ಒಂದು ಕಾರಣವನ್ನು ಹುಡುಕುವುದು ಕೇಳುವವರ ಅನುಕೂಲಕ್ಕೆ ಎಂದು ಈಗ ನನಗೆ ತೋರುತ್ತದೆ. ಗೋಡೆಯ ಮೇಲಿದ್ದ ಅವನ ಪಟ ಇಳಿಯಿತು. ಬೇರೆಯವರ ಬಗ್ಗೆ ‘ತೀರಿಕೊಂಡರು’ ಎನ್ನುತ್ತಿದ್ದ ಊರು ಅವನ ಬಗ್ಗೆ ‘ಹಾಗೆ ಮಾಡಿಕೊಂಡ’ ಎನ್ನತೊಡಗಿತು. ತಾವೇ ಪ್ರಾಣ ಬಿಟ್ಟವರಿಗೆ ತರ್ಪಣದ ನೀರು ಸಲ್ಲದೆಂದು ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿದೆ. ಅಜ್ಜ ಅದನ್ನೇ ಹಿಡಿದು ಕೂತರು. ಇಂಥವರ ಸದ್ಗತಿಗೆಂದೇ ನಾರಾಯಣಬಲಿ ಎಂಬುದೊಂದು ಇದೆಯಲ್ಲ ಎಂದು ಪುರೋಹಿತರು ಮೆಲ್ಲಗೆ ಹೇಳಿದರೆ, “ನಮ್ಮನ್ನು ಕೇಳಿ ಹೋದನೇನು?” ಎಂದು ಒಳಗೆ ನಡೆದರು. ಅಜ್ಜಿ ಮಾತ್ರ ಅಮಾವಾಸ್ಯೆಯ ದಿನ ಹಿತ್ತಲಲ್ಲಿ ಕಾಗೆಗಳಿಗೆ ಅನ್ನ ಇಡುವಾಗ ಎಲೆಯ ತುದಿಯಲ್ಲಿ ಒಂದು ತುತ್ತನ್ನು ಬೇರೆಯಾಗಿ ಇಡುತ್ತಿದ್ದಳು. ಯಾರಿಗೆಂದು ನಾವು ಕೇಳಲಿಲ್ಲ; ಅವಳು ಹೇಳಲೂ ಇಲ್ಲ.

ಅಜ್ಜಿಗೆ ಕರುಣೆ, ಅಜ್ಜನಿಗೆ ಕಲ್ಲೆದೆ ಎಂದೇ ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆಯನ್ನು ಅಲುಗಿಸಿದ್ದು ಒಂದು ಕೊಡೆ. ಮಾವನ ಕೊಡೆ ಜಗಲಿಯ ಗೂಟದಲ್ಲಿ ಹಾಗೆಯೇ ತೂಗುತ್ತಿತ್ತು. ಮಲೆನಾಡಿನಲ್ಲಿ ಮಳೆ ಹಿಡಿಯುವ ಮೊದಲು ಕೊಡೆ ರಿಪೇರಿಯವನು ಮನೆಮನೆಗೆ ಬರುತ್ತಾನೆ. ಅವನು ಬಂದಾಗಲೆಲ್ಲ ಅಜ್ಜ ಮನೆಯ ಕೊಡೆಗಳ ಜೊತೆಗೆ ಅದನ್ನೂ ಇಳಿಸಿ ಕೊಡುತ್ತಿದ್ದರು. ಅದನ್ನು ಹಿಡಿದು ಯಾರೂ ಅಂಗಳಕ್ಕೆ ಸಹ ಇಳಿದದ್ದಿಲ್ಲ. “ಇದಕ್ಕೇನಾಗಿದೆ ಭಟ್ರೆ?” ಎಂದು ಅವನು ಕೇಳಿದರೆ, “ನೋಡು, ಎಲ್ಲಾದರೂ ಕಡ್ಡಿ ಸಡಿಲಾಗಿರಬಹುದು” ಎನ್ನುತ್ತಿದ್ದರು. ಅಜ್ಜ ಬದುಕಿರುವವರೆಗೂ, ವರ್ಷವರ್ಷವೂ, ಹೀಗೆಯೇ ನಡೆಯಿತು. ಅವರ ಸಿಟ್ಟು ದುಃಖದ್ದೇ ಇನ್ನೊಂದು ಮುಖವೆಂಬುದು ನನಗೆ ಹೊಳೆದದ್ದು ನಾನೂ ಮಕ್ಕಳ ತಂದೆಯಾದ ಮೇಲೆ.

ಕೊಠಡಿಯ ಆ ಚರ್ಚೆಯಾದ ಎರಡು ದಿನಕ್ಕೆ ತರಗತಿಯಲ್ಲಿ ವ್ಯಾಕರಣ ಪಾಠ. ‘ಕೊಳ್ಳು’ ಎಂಬುದು ಇನ್ನೊಂದು ಕ್ರಿಯಾಪದಕ್ಕೆ ಸೇರಿದಾಗ ಆಗುವ ಅರ್ಥವನ್ನು ಆತ್ಮಾರ್ಥಕ ಎನ್ನುತ್ತಾರೆ. ತನಗಾಗಿ ಮಾಡಿದ್ದು ಎಂದು ಅದರ ತಾತ್ಪರ್ಯ. ಮನೆ ಕಟ್ಟಿಕೊಂಡ, ಅಡುಗೆ ಮಾಡಿಕೊಂಡ ಎಂದು ಹಲಗೆಯ ಮೇಲೆ ಬರೆದೆ. ಅದರ ಕೆಳಗೆ, ರೂಢಿಯಂತೆ, ಕಾಲು ಮುರಿದುಕೊಂಡ, ಕೈ ಸುಟ್ಟುಕೊಂಡ ಎಂದು ಬರೆದವನು ಅಲ್ಲಿಯೇ ನಿಂತೆ. ಕಾಲು ಮುರಿದುಕೊಂಡವನು ತನ್ನ ಲಾಭಕ್ಕಾಗಿ ಮುರಿದುಕೊಂಡನೆಂದು ಯಾರಾದರೂ ತಿಳಿಯುತ್ತಾರೆಯೆ? ಕೆಲಸ ಅವನ ಮೈಯಿಂದಲೇ ನಡೆದಿದೆ, ನಿಜ. ಆದರೆ ನಡೆದದ್ದು ಅವನು ಬೇಡಿದ್ದಲ್ಲ. ಅದೇ ಎರಡಕ್ಷರ ಒಂದು ಕಡೆ ಬಯಸಿ ಪಡೆದದ್ದನ್ನೂ ಇನ್ನೊಂದು ಕಡೆ ತಲೆಯ ಮೇಲೆ ಬಿದ್ದದ್ದನ್ನೂ ಹೇಳುತ್ತದೆ. ‘ಆತ್ಮಹತ್ಯೆ ಮಾಡಿಕೊಂಡ’ ಎನ್ನುವಾಗ ನಾವು ಅದನ್ನು ಮನೆ ಕಟ್ಟಿಕೊಂಡವನ ಸಾಲಿಗೆ ಸೇರಿಸುತ್ತ ಬಂದಿದ್ದೇವೆ. ಕಾಲು ಮುರಿದುಕೊಂಡವನ ಸಾಲಿಗೆ ಸೇರಿಸಿದರೆ ಕನ್ನಡಕ್ಕೇನೂ ಅಪಚಾರವಾಗದು.

ಕಾನೂನಿಗೂ ಈ ಅರ್ಥ ಹೊಳೆಯಲು ಬಹಳ ಕಾಲ ಹಿಡಿಯಿತು. 1860ರ ದಂಡಸಂಹಿತೆಯ 309ನೆಯ ಕಲಮು, ಸಾಯಲು ಹೋಗಿ ಬದುಕಿ ಉಳಿದವನಿಗೆ ಒಂದು ವರ್ಷದವರೆಗೆ ಸೆರೆಮನೆ ತೋರಿಸುತ್ತಿತ್ತು. ಅಂಥವನು ತೀವ್ರವಾದ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸಬೇಕು, ಅವನನ್ನು ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಎಂದದ್ದು 2017ರ ಮಾನಸಿಕ ಆರೋಗ್ಯ ಕಾಯಿದೆ. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಸರ್ಕಾರಿ ಅಧಿಕಾರಿಯ ಕೈ ಕಟ್ಟಲೆಂದು ಹಾಗೆ ಯತ್ನಿಸುವುದಷ್ಟೇ ಅಪರಾಧವಾಗಿ ಉಳಿದಿದೆ.

ಹಾಗೆಂದು ಅರ್ಥಶಾಸ್ತ್ರದವರ ಭಯವನ್ನು ತಳ್ಳಿಹಾಕುವಂತಿಲ್ಲ. ಶಾಸನ ಪಾಠ ಹೇಳುವವನಿಗೆ ಹಳೇಬೀಡಿನ ಗರುಡಗಂಬ ಮರೆಯುವುದುಂಟೆ? ವೀರಬಲ್ಲಾಳ ತೀರಿಹೋದಾಗ ಅವನೊಡನೆ ಪ್ರಾಣ ಬಿಟ್ಟ ಕುವರ ಲಕ್ಷ್ಮನ ಕೀರ್ತಿ ಅಲ್ಲಿ ಕಲ್ಲಿನಲ್ಲಿ ನಿಂತಿದೆ. ಊರೂರಿನ ಮಾಸ್ತಿಕಲ್ಲುಗಳ ಮಾತೂ ಅದೇ. ಒಂದು ಸಾವಿಗೆ ಕಲ್ಲು ನಿಲ್ಲಿಸಿದೆವು, ಇನ್ನೊಂದು ಸಾವಿಗೆ ನೀರನ್ನೂ ನಿರಾಕರಿಸಿದೆವು. ಎರಡರಲ್ಲಿಯೂ ಹೋದವನ ನೋವನ್ನು ವಿಚಾರಿಸಿದವರಿಲ್ಲ. ಇಂಥ ಸಾವನ್ನು ವರ್ಣಿಸಬೇಡಿ, ವೈಭವೀಕರಿಸಬೇಡಿ, ಸಂಕಟಕ್ಕೆ ಪರಿಹಾರವೆಂಬಂತೆ ಬರೆಯಬೇಡಿ, ನೆರವು ಎಲ್ಲಿ ಸಿಗುವುದೆಂದು ತಿಳಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ಪತ್ರಿಕಾ ಮಂಡಳಿಯೂ 2019ರಲ್ಲಿ ಅದನ್ನು ಒಪ್ಪಿತು. ಸತ್ತವನ ಹೆಸರನ್ನೇ ಅಳಿಸಿ ಎಂದು ಅದರ ಅರ್ಥವಲ್ಲ. ಮುಚ್ಚಿಟ್ಟ ಮನೆಯಲ್ಲಿ ಬೆಳೆದ ನನಗೆ ಇಷ್ಟು ಗೊತ್ತು: ಸತ್ತವನ ಹೆಸರೆತ್ತಲು ಹೆದರುವ ಮನೆಯಲ್ಲಿ, ಬದುಕಿರುವವನು ತನ್ನ ಸಂಕಟ ಹೇಳಿಕೊಳ್ಳಲು ಇನ್ನೂ ಹೆಚ್ಚು ಹೆದರುತ್ತಾನೆ. 2022ರಲ್ಲಿ ಈ ದೇಶದಲ್ಲಿ ಹೀಗೆ ಹೋದವರು 1,70,924 ಮಂದಿ ಎಂದು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಲೆಕ್ಕ. ಎಷ್ಟು ಮನೆಗಳ ಗೂಟದಲ್ಲಿ ಎಷ್ಟು ಕೊಡೆಗಳು ತೂಗುತ್ತಿವೆಯೊ!

ಇದನ್ನೆಲ್ಲ ಮಿತ್ರರಿಗೆ ಹೇಳಿದೆ, ಕೊಡೆಯ ವಿಷಯವನ್ನೂ ಸೇರಿಸಿ. ಮೂವತ್ತಾರು ವರ್ಷಗಳ ಮೇಲೆ ಹೊರಗಿನವರೆದುರು ಮಾವನ ಹೆಸರೆತ್ತಿದ್ದು ಅದೇ ಮೊದಲು. ಮೇಡಂ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜನವರ ಸಿಟ್ಟು ನನಗೆ ಅರ್ಥವಾಗುತ್ತದೆ” ಎಂದರು. ಅರ್ಥಶಾಸ್ತ್ರದವರು, “ಹೆಸರಷ್ಟೇ ಓದಿ, ಹೊಗಳಿಕೆ ಬೇಡ” ಎಂದರು. ನನಗೆ ಬೇಕಾದದ್ದೂ ಅಷ್ಟೇ.

ಸಮ್ಮೇಳನದ ದಿನ ತೀರಿಕೊಂಡವರ ಪಟ್ಟಿ ಓದಿದೆ. ಗಮನಿಸಿ, ‘ತೀರಿಕೊಂಡರು’ ಎಂಬುದರಲ್ಲಿಯೂ ಆ ಎರಡಕ್ಷರ ಇದೆ. ಅಲ್ಲಿ ಯಾರೂ ಯಾರನ್ನೂ ಕಟಕಟೆಗೆ ಹತ್ತಿಸುವುದಿಲ್ಲ. ಏಳು ಹೆಸರುಗಳೂ ಒಂದೇ ಧ್ವನಿಯಲ್ಲಿ ಬಂದುವು. ಕೊನೆಯಲ್ಲಿ ಪ್ರಿನ್ಸಿಪಾಲರು, ಮನಸ್ಸು ಭಾರವಾದವರು ಯಾರಿಗಾದರೂ ಹೇಳಿಕೊಳ್ಳಿ, ಮನೆಯಲ್ಲಿ ಆಗದಿದ್ದರೆ ನಮ್ಮಲ್ಲಿಗೆ ಬನ್ನಿ, ಅದೂ ಆಗದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಫೋನು ಮಾಡಿ, ಕನ್ನಡದಲ್ಲಿಯೇ ಮಾತಾಡಬಹುದು ಎಂದು ಹೇಳಿ ಕುಳಿತರು.

ಊಟದ ಹೊತ್ತಿಗೆ ಹಿರಿಯರೊಬ್ಬರು ಹತ್ತಿರ ಬಂದರು. ಹಿಂದಿನ ಸಾಲಿನಲ್ಲಿ ಕೂತಿದ್ದರಂತೆ. ಆ ಹುಡುಗನ ತಂದೆ. ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಅವರೇ ಕೈ ಹಿಡಿದು, “ಇನಿಷಿಯಲ್ ಸೇರಿಸಿ ಓದಿದಿರಿ ಸ್ವಾಮಿ,” ಎಂದರು. “ಅದು ನನ್ನ ಹೆಸರು.”